ಬಿಳಿ ಕೂದಲಿಗೆ ಬಣ್ಣ: ಹಚ್ಚಬೇಕಾ, ಹಾಗೇ ಬಿಡಬೇಕಾ, ಹಚ್ಚುವುದಾದರೆ ಹೇಗೆ?

ಮೂರು ವರ್ಷದ ಹಿಂದೆ ಅಣ್ಣನ ಮಗಳ ಮದುವೆಗೆ ಎರಡು ದಿನ ಇರುವಾಗ ನಾನು ಅಂಗಡಿಯಿಂದ ಒಂದು ‘ಕಪ್ಪು ಮೆಹಂದಿ’ ಪ್ಯಾಕೆಟ್ ತಂದು ತಲೆಗೆ ಹಚ್ಚಿಕೊಂಡೆ. ಅದು ನಾಲ್ಕನೇ ಸಲ. ಮೂರನೇ ಸಲ ಹಚ್ಚಿದಾಗಲೇ ಕಿವಿಯ ಹಿಂದೆ ನವೆ ಬಂದಿತ್ತು, ಸೆಕೆಗೆ ಇರಬೇಕು ಅಂತ ಸುಮ್ಮನಾಗಿದ್ದೆ. ಈ ಸಲ ರಾತ್ರಿಯೇ ನೆತ್ತಿ ಉರಿಯತೊಡಗಿತು. ಬೆಳಿಗ್ಗೆ ಏಳುವಾಗ ಹಣೆ ಊದಿತ್ತು, ಮಾರನೇ ದಿನ ಕಣ್ಣಿನ ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲ, ಕಿವಿಯ ಹಿಂದೆ ನೀರು ಸೋರುತ್ತಿತ್ತು. ಧಾರೆಯ ಹೊತ್ತಿಗೆ ನಾನು ಚರ್ಮದ ಡಾಕ್ಟರ ಮುಂದೆ ಕೂತಿದ್ದೆ. ಅವರು ಪ್ಯಾಕೆಟ್ ಕೇಳಿದರು, ಹಿಂದೆ ತಿರುಗಿಸಿ ಸಣ್ಣ ಅಕ್ಷರದ ಒಂದು ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಪಿ-ಫಿನೈಲೀನ್‌ಡಯಮೀನ್. ಚಿಕ್ಕದಾಗಿ ಪಿಪಿಡಿ. ಮೆಹಂದಿ ಅಂತ ಮುಂದೆ ದೊಡ್ಡದಾಗಿ ಬರೆದಿದ್ದ ಪ್ಯಾಕೆಟ್‌ನಲ್ಲಿ ಕಪ್ಪು ಕೊಡುತ್ತಿದ್ದದ್ದು ಎಲೆಯಲ್ಲ, ಅದು.

ಅವತ್ತಿನಿಂದ ಯಾರು ಬಿಳಿ ಕೂದಲಿನ ಮಾತೆತ್ತಿದರೂ ನಾನು ಕೂರಿಸಿಕೊಂಡು ಹೇಳುತ್ತೇನೆ. ಬಣ್ಣ ಹಚ್ಚಬೇಡಿ ಅಂತಲ್ಲ. ನಾನೂ ಹಚ್ಚುತ್ತೇನೆ, ಈಗ ಬೇರೆ ರೀತಿಯಲ್ಲಿ. ನಾನು ಹೇಳುವುದು ಇಷ್ಟೇ: ಹಚ್ಚುವ ಕೆಲಸ ಒಂದು ಗಂಟೆಯದು, ಅದಕ್ಕೆ ಮುಂಚಿನ ಯೋಚನೆ ಎರಡು ದಿನದ್ದು. ಆ ಎರಡು ದಿನವನ್ನು ಯಾರೂ ಕೊಡುವುದಿಲ್ಲ. ನಾಳೆ ಫಂಕ್ಷನ್ ಅಂದಾಗ ಇವತ್ತು ರಾತ್ರಿ ಪ್ಯಾಕೆಟ್ ಹರಿಯುತ್ತೇವೆ.

ಹಚ್ಚಬೇಕಾ ಅನ್ನುವುದು ಮೊದಲು

ಕೂದಲು ಯಾಕೆ ಬೆಳ್ಳಗಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ದುಡ್ಡು ಉಳಿಯುತ್ತದೆ. ಕೂದಲಿನ ಬುಡದಲ್ಲಿ ಮೆಲನಿನ್ ಅನ್ನುವ ಬಣ್ಣ ತಯಾರಿಸುವ ಜೀವಕೋಶಗಳಿರುತ್ತವೆ. ಅವು ಕ್ರಮೇಣ ಕಡಿಮೆಯಾದಾಗ ಹೊಸದಾಗಿ ಹುಟ್ಟುವ ಕೂದಲು ಬಣ್ಣವಿಲ್ಲದೇ ಹುಟ್ಟುತ್ತದೆ. ಯಾವ ವಯಸ್ಸಿಗೆ ಅನ್ನುವುದು ಬಹುಮಟ್ಟಿಗೆ ವಂಶದಿಂದ ಬರುವುದು. ನಿಮ್ಮ ಅಪ್ಪನಿಗೋ ಅಮ್ಮನಿಗೋ ಮೂವತ್ತೈದಕ್ಕೆ ಬೆಳ್ಳಗಾಗಿದ್ದರೆ ನಿಮಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಗಬಹುದು. ಗರಗದ ಸೊಪ್ಪಿನ ಎಣ್ಣೆ, ಕರಿಬೇವಿನ ಎಣ್ಣೆ, ದಾಸವಾಳ, ನೆಲ್ಲಿಕಾಯಿ, ಎಲ್ಲವನ್ನೂ ನಮ್ಮಮ್ಮ ಕಾಯಿಸಿ ಹಚ್ಚಿದ್ದಾರೆ. ಕೂದಲಿಗೆ ಹೊಳಪು ಬರುತ್ತದೆ, ತಲೆಗೆ ಹಾಯೆನಿಸುತ್ತದೆ. ಆದರೆ ಬೆಳ್ಳಗಾದ ಕೂದಲು ಎಣ್ಣೆಯಿಂದ ಕಪ್ಪಾಗುವುದಿಲ್ಲ. ಹದಿನೈದು ದಿನದಲ್ಲಿ ಬುಡದಿಂದ ಕಪ್ಪು ಅಂತ ಯಾರಾದರೂ ಮಾರುತ್ತಿದ್ದರೆ ಆ ದುಡ್ಡನ್ನು ಹಣ್ಣಿಗೆ ಹಾಕಿ. ಒಂದು ಬಿಳಿ ಕೂದಲು ಕಿತ್ತರೆ ಹತ್ತು ಬರುತ್ತವೆ ಅನ್ನುವುದೂ ಸುಳ್ಳು. ಹಾಗಂತ ಕೀಳಬೇಡಿ, ಒಂದೇ ಜಾಗದಲ್ಲಿ ಪದೇ ಪದೇ ಕಿತ್ತರೆ ಬುಡ ಹಾಳಾಗಿ ಅಲ್ಲಿ ಕೂದಲೇ ಬರದೆ ಹೋಗಬಹುದು.

ಇಪ್ಪತ್ತೈದರ ಒಳಗೇ ತುಂಬಾ ಬೆಳ್ಳಗಾಗುತ್ತಿದ್ದರೆ, ಅಂದರೆ ಬಾಲನೆರೆ, ಬಣ್ಣದ ಅಂಗಡಿಗೆ ಮುಂಚೆ ಡಾಕ್ಟರ ಹತ್ತಿರ ಹೋಗಿ. ಬಿ12, ಕಬ್ಬಿಣಾಂಶ, ಥೈರಾಯಿಡ್ ಈ ಮೂರನ್ನು ರಕ್ತ ಪರೀಕ್ಷೆಯಲ್ಲಿ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ, ಅದು ಬರೀ ಕೂದಲಿನ ವಿಷಯವಲ್ಲ, ನರಗಳಿಗೂ ಸಂಬಂಧಪಟ್ಟದ್ದು. ಸಿಗರೇಟ್ ಸೇದುವವರಲ್ಲಿ ಬೇಗ ಬೆಳ್ಳಗಾಗುವುದು ಜಾಸ್ತಿ ಅನ್ನುವುದೂ ಕಂಡುಬಂದಿದೆ. ಕೊರತೆ ಸರಿಹೋದರೆ ಕೂದಲು ವಾಪಸ್ ಕಪ್ಪಾಗುತ್ತದೆ ಅಂತ ಖಾತ್ರಿ ಇಲ್ಲ, ಆದರೆ ಕೊರತೆಯನ್ನಂತೂ ಸರಿಪಡಿಸಲೇಬೇಕು.

ಈಗ ಕನ್ನಡಿ ಮುಂದೆ ನಿಲ್ಲಿ. ಬಾತ್‌ರೂಮಿನ ಲೈಟಿನಲ್ಲಲ್ಲ, ಕಿಟಕಿಯ ಬೆಳಕಿನಲ್ಲಿ. ಬೈತಲೆ ತೆಗೆಯಿರಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹಿಂದಿನ ಭಾಗವನ್ನು ಮನೆಯವರ ಹತ್ತಿರ ಫೋಟೋ ತೆಗೆಸಿ. ನನ್ನ ಗೆಳತಿಯೊಬ್ಬಳು ತಲೆ ಪೂರ್ತಿ ಬೆಳ್ಳಗಾಗಿದೆ ಅಂತ ಹತ್ತು ವರ್ಷ ಇಡೀ ತಲೆಗೆ ಡೈ ಹಚ್ಚಿದಳು. ಕೊನೆಗೆ ನೋಡಿದರೆ ಬಿಳಿ ಇದ್ದದ್ದು ಹಣೆಯ ಅಂಚಿನಲ್ಲಿ ಮತ್ತು ಕಿವಿಯ ಮೇಲೆ ಮಾತ್ರ. ಹಿಂದಿನ ಕೂದಲೆಲ್ಲ ಕಪ್ಪೇ. ಇಷ್ಟು ದಿನ ಕಪ್ಪು ಕೂದಲಿಗೆ ಸುಮ್ನೆ ಕಪ್ಪು ಬಳಿದಿದ್ದಳು.

ಮುಂದೆ ಮಾತ್ರ ನಾಲ್ಕೆಳೆ ಇದ್ದರೆ, ಅದೂ ಒಂದು ದಿನದ ಮದುವೆಗೆ ಮರೆಮಾಡಬೇಕಿದ್ದರೆ, ತೊಳೆದರೆ ಹೋಗುವ ಬಣ್ಣದ ಕಡ್ಡಿ ಅಥವಾ ಪೌಡರ್ ಬರುತ್ತದೆ, ಬೈತಲೆಗೆ ತೀಡಿಕೊಂಡರೆ ಸಾಕು. ಮಳೆ, ಬೆವರು ನೋಡಿಕೊಳ್ಳಬೇಕು ಅಷ್ಟೇ. ಕಾಲು ಭಾಗದಷ್ಟು ಬಿಳಿ ಇದ್ದರೆ ಬಣ್ಣ ಹಚ್ಚುವುದೂ ಸುಲಭ, ಬಿಡುವುದೂ ಸುಲಭ. ಅರ್ಧಕ್ಕಿಂತ ಜಾಸ್ತಿ ಬೆಳ್ಳಗಾಗಿದ್ದರೆ ಚೆನ್ನಾಗಿ ಯೋಚಿಸಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಸ್ವಲ್ಪ ಹೆಚ್ಚೇ ಬೆಳೆಯುತ್ತದೆ. ಮೂರನೇ ವಾರಕ್ಕೇ ಬೈತಲೆಯಲ್ಲಿ ಬಿಳಿ ಗೆರೆ ಕಾಣುತ್ತದೆ. ನಾಲ್ಕು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 13 ಸಲ, ಸಲಕ್ಕೆ ಎರಡು ಗಂಟೆ ಹಿಡಿದರೆ 26 ಗಂಟೆ. ಈ ಲೆಕ್ಕ ನಿಮಗೆ ಒಪ್ಪಿಗೆಯಾ? ಒಪ್ಪಿಗೆ ಇದ್ದರೆ ಧೈರ್ಯವಾಗಿ ಹಚ್ಚಿ.

ಯಾರಿಗಾಗಿ ಹಚ್ಚುತ್ತಿದ್ದೇನೆ ಅಂತಲೂ ಕೇಳಿಕೊಳ್ಳಿ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು ‘ಯಾಕಮ್ಮ ಇಷ್ಟು ಬೆಳ್ಳಗೆ ಬಿಟ್ಟಿದ್ದೀಯ, ಸ್ವಲ್ಪ ಡೈ ಹಾಕಬಾರದಾ’ ಅನ್ನುತ್ತಾರೆ. ಅವರು ಒಂದು ಊಟದ ಹೊತ್ತು ನಿಮ್ಮ ತಲೆ ನೋಡುತ್ತಾರೆ, ನೀವು ವರ್ಷಪೂರ್ತಿ ಅದನ್ನು ಹೊರಬೇಕು. ಅವರ ಮಾತಿಗೆ ಹಚ್ಚಬೇಡಿ. ಆದರೆ ಕನ್ನಡಿ ನೋಡಿದಾಗ ನಿಮಗೇ ಬೇಜಾರಾಗುತ್ತಿದ್ದರೆ, ಆಫೀಸಿನಲ್ಲಿ ಎದ್ದು ನಿಂತು ಮಾತಾಡುವಾಗ ಕೈ ತಾನಾಗಿ ಬೈತಲೆಗೆ ಹೋಗುತ್ತಿದ್ದರೆ, ಅದು ನಿಮ್ಮ ಕಾರಣ. ಅದು ಸಾಕು. ವಯಸ್ಸಾದವರು ಬಣ್ಣ ಹಚ್ಚಿದರೆ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಪ್ಪತ್ತರಲ್ಲೂ ಚೆನ್ನಾಗಿ ಕಾಣಬೇಕು ಅನ್ನಿಸುವುದು ತಪ್ಪಲ್ಲ.

ಪ್ಯಾಕೆಟ್‌ನ ಹಿಂಭಾಗ ಓದಿ

ಇಲ್ಲಿ ನಿಧಾನ ಮಾಡಿ. ಪಿಪಿಡಿ ಕೆಟ್ಟ ಕಂಪನಿಯವರು ಕದ್ದು ಹಾಕುವ ವಿಷ ಅಂತಲ್ಲ. ಶಾಶ್ವತ ಕಪ್ಪು, ಕಂದು ಬಣ್ಣ ಕೊಡುವ ಹೆಚ್ಚಿನ ಡೈಗಳಲ್ಲಿ ಅದೋ ಅದರ ಹತ್ತಿರದ ಸಂಬಂಧಿಯೋ ಇದ್ದೇ ಇರುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಅಲರ್ಜಿ ಆಗುತ್ತದೆ, ಮತ್ತು ಅದು ಮೊದಲ ಸಲವೇ ಆಗಬೇಕಿಲ್ಲ. ಹತ್ತು ವರ್ಷ ಹಚ್ಚಿದವರಿಗೆ ಹನ್ನೊಂದನೇ ವರ್ಷ ಆಗಬಹುದು. ಒಮ್ಮೆ ಆಯಿತು ಅಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಪ್ರತಿ ಸಲ ಹಿಂದಿನದಕ್ಕಿಂತ ಜೋರಾಗಿ ಬರಬಹುದು. ನನಗೆ ಕಿವಿಯ ಹಿಂದೆ ಬಂದ ಆ ಸಣ್ಣ ನವೆಯೇ ಎಚ್ಚರಿಕೆ ಆಗಿತ್ತು.

ಲೇಬಲ್‌ನಲ್ಲಿ ಈ ಹೆಸರುಗಳನ್ನು ಹುಡುಕಿ: ಪಿ-ಫಿನೈಲೀನ್‌ಡಯಮೀನ್, ಪ್ಯಾರಾ-ಫಿನೈಲೀನ್‌ಡಯಮೀನ್, ಪಿಪಿಡಿ, 1,4-ಡಯಮಿನೋಬೆಂಜೀನ್. ಟಾಲ್ಯೂಯಿನ್-2,5-ಡಯಮೀನ್ ಅಂತ ಇದ್ದರೆ ಅದು ಸಂಬಂಧಿ, ಪಿಪಿಡಿಗೆ ಅಲರ್ಜಿ ಇರುವವರಲ್ಲಿ ಹಲವರಿಗೆ ಅದೂ ಒಗ್ಗುವುದಿಲ್ಲ. ‘ಅಮೋನಿಯಾ ಇಲ್ಲ’ ಅಂತ ಬರೆದಿದ್ದರೆ ಅದರ ಅರ್ಥ ಅಮೋನಿಯಾ ಇಲ್ಲ ಅಂತ ಮಾತ್ರ. ಅದರ ಜಾಗದಲ್ಲಿ ವಾಸನೆ ಕಡಿಮೆ ಇರುವ ಬೇರೆ ಕ್ಷಾರ ಹಾಕಿರುತ್ತಾರೆ, ಪಿಪಿಡಿ ಹಾಗೇ ಇರಬಹುದು. ತಲೆ ಸ್ನಾನ ಮಾಡಿದಂತೆ ಹಚ್ಚಿ ತೊಳೆಯುವ ಕಲರ್ ಶಾಂಪೂ ಸ್ಯಾಶೆಗಳಲ್ಲೂ ಅಷ್ಟೇ, ಶಾಂಪೂ ಅಂದ ಮಾತ್ರಕ್ಕೆ ಸೌಮ್ಯ ಅಂದುಕೊಳ್ಳಬೇಡಿ. ‘ಹರ್ಬಲ್’ ಅನ್ನುವ ಪದ ಮತ್ತು ಹಸಿರು ಎಲೆಯ ಚಿತ್ರ ಏನನ್ನೂ ಹೇಳುವುದಿಲ್ಲ. ಇನ್ನೊಂದು ಗುರುತು ನೆನಪಿಡಿ. ಬರೀ ಮದರಂಗಿ ಯಾವತ್ತೂ ಕಪ್ಪು ಬಣ್ಣ ಕೊಡುವುದಿಲ್ಲ. ಮೆಹಂದಿ ಅಂತ ಹೆಸರಿಟ್ಟ ಪುಡಿ ಅರ್ಧ ಗಂಟೆಯಲ್ಲಿ ಕಪ್ಪಗೆ ಮಾಡಿತು ಅಂದರೆ ಒಳಗೆ ಬೇರೇನೋ ಇದೆ. ಜಾತ್ರೆಗಳಲ್ಲಿ ಕೈಗೆ ಹಾಕುವ ಕರಿ ಮೆಹಂದಿಗೂ ಇದೇ ಮಾತು, ಮಕ್ಕಳ ಕೈಗೆ ಹಾಕಿಸಲೇಬೇಡಿ. ಚಿಕ್ಕ ವಯಸ್ಸಿನಲ್ಲಿ ಹಾಗೆ ಪಿಪಿಡಿ ತಾಗಿ ಅಲರ್ಜಿ ಹತ್ತಿದರೆ ಮುಂದೆ ತಲೆಗೆ ಡೈ ಹಚ್ಚಿದ ದಿನ ಅದು ಎದ್ದು ಕೂರುತ್ತದೆ.

ಈಗ ಪರೀಕ್ಷೆ. ನಮ್ಮ ದೇಶದ ನಿಯಮದಲ್ಲೇ ಇದೆ, ಪಿಪಿಡಿ ಇರುವ ಡೈ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷ್‌ನಲ್ಲೂ ಸ್ಥಳೀಯ ಭಾಷೆಯಲ್ಲೂ ಹಾಕಬೇಕು, ಪ್ರತಿ ಸಲ ಹಚ್ಚುವ ಮುಂಚೆ ಚರ್ಮದ ಮೇಲೆ ಪರೀಕ್ಷೆ ಮಾಡಿ ಅಂತ ತಿಳಿಸಬೇಕು. ಪ್ರತಿ ಸಲ. ಮಾಡುವುದು ಕಷ್ಟವೇನಲ್ಲ. ಮೊಣಕೈಯ ಒಳಮಗ್ಗುಲು ಅಥವಾ ಕಿವಿಯ ಹಿಂದೆ ಸೋಪು ನೀರಿನಿಂದ ತೊಳೆದು ಒರೆಸಿ. ತಲೆಗೆ ಹಚ್ಚಲು ಹೇಗೆ ಕಲಸುತ್ತೀರೋ ಹಾಗೇ ಒಂದು ಚಿಟಿಕೆ ಕಲಸಿ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ ಹಚ್ಚಿ ಒಣಗಲು ಬಿಡಿ. ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ 24 ಗಂಟೆ ಅಂತ ಇರುತ್ತದೆ. ನೀವು 48 ಗಂಟೆ ಕಾಯಿರಿ, ಏಕೆಂದರೆ ಈ ಅಲರ್ಜಿ ನಿಧಾನವಾಗಿ ಏಳುವಂಥದ್ದು. ನವೆ, ಕೆಂಪು, ಗುಳ್ಳೆ, ಉರಿ, ಏನೇ ಬಂದರೂ ಆ ಪ್ಯಾಕೆಟ್ ಕಸಕ್ಕೆ. ಸ್ವಲ್ಪ ತಾನೇ ಅನ್ನಬೇಡಿ. ಪಾರ್ಲರ್‌ಗೆ ಹೋಗುವವರೂ ಎರಡು ದಿನ ಮುಂಚೆ ಹೋಗಿ ಅವರು ಹಚ್ಚುವ ಅದೇ ಬಣ್ಣದ ಒಂದು ಚುಕ್ಕೆ ಹಾಕಿಸಿಕೊಂಡು ಬನ್ನಿ. ‘ನಮ್ಮದರಲ್ಲಿ ಯಾರಿಗೂ ಏನೂ ಆಗಿಲ್ಲ ಮೇಡಂ’ ಅಂದರೆ ಒಪ್ಪಬೇಡಿ.

ಆಕಸ್ಮಾತ್ ತಲೆಗೆ ಹಚ್ಚಿದ ಮೇಲೆ ಉರಿ, ನವೆ ಶುರುವಾದರೆ ಟೈಮ್ ಮುಗಿಯಲಿ ಅಂತ ಕೂರಬೇಡಿ, ತಕ್ಷಣ ಜಾಸ್ತಿ ನೀರು, ಶಾಂಪೂ ಹಾಕಿ ತೊಳೆಯಿರಿ, ಚರ್ಮದ ಡಾಕ್ಟರಿಗೆ ತೋರಿಸಿ, ಪ್ಯಾಕೆಟ್ ಜೊತೆಗೇ ಒಯ್ಯಿರಿ. ಮುಖ ಊದಿ ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಮಕ್ಕಳಿರುವ ಮನೆಯಲ್ಲಿ ಡೈ ಪ್ಯಾಕೆಟ್, ಬಾಟಲಿ ಬೀಗದ ಕಪಾಟಿನಲ್ಲಿರಲಿ. ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟಬಹುದು, ಆಮೇಲೆ ಸ್ನಾಯು ಮತ್ತು ಕಿಡ್ನಿಗೆ ಏಟು ಬೀಳುತ್ತದೆ, ಜೀವಕ್ಕೇ ಅಪಾಯ. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಕ್ಯಾನ್ಸರ್ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ನೋಡಿದೆ. ದಿನಾ ಬಣ್ಣದ ನಡುವೆಯೇ ಕೆಲಸ ಮಾಡುವ ಪಾರ್ಲರ್, ಸಲೂನಿನವರಿಗೆ ಅಪಾಯ ಇರುವ ಸಂಭವವಿದೆ ಅಂದಿದೆ. ಮನೆಯಲ್ಲಿ ತನಗಾಗಿ ಹಚ್ಚಿಕೊಳ್ಳುವವರ ವಿಷಯದಲ್ಲಿ ಹೌದು ಅಥವಾ ಇಲ್ಲ ಅನ್ನಲು ಸಾಕ್ಷ್ಯ ಸಾಲದು ಅಂದಿದೆ. ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳಿಯೇ ಹಚ್ಚಿ, ಮೊದಲ ಮೂರು ತಿಂಗಳು ಬಿಟ್ಟುಬಿಡುವುದು ಎಷ್ಟೋ ಡಾಕ್ಟರುಗಳು ಹೇಳುವ ಮಾತು.

ನಾನು ಈಗ ಹಚ್ಚುವುದು: ಮದರಂಗಿ, ಆಮೇಲೆ ನೀಲಿ

ಪಿಪಿಡಿ ಒಗ್ಗದವರಿಗೆ ಇದು ದಾರಿ. ಒಗ್ಗುವವರೂ ಪ್ರಯತ್ನಿಸಬಹುದು, ಪುರುಸೊತ್ತು ಇದ್ದರೆ. ಪ್ಯಾಕೆಟ್ ಮೇಲೆ ಲಾಸೋನಿಯಾ ಇನರ್ಮಿಸ್ ಅಂತ ಒಂದೇ ಹೆಸರಿರಬೇಕು, ಅದು ಮದರಂಗಿ. ಇನ್ನೊಂದು ಪ್ಯಾಕೆಟ್ ಮೇಲೆ ಇಂಡಿಗೋಫೆರಾ ಟಿಂಕ್ಟೋರಿಯಾ, ಅದು ನೀಲಿ ಗಿಡದ ಎಲೆ. ಬೇರೆ ಏನಾದರೂ ಹೆಸರಿದ್ದರೆ ಬಿಡಿ. ಅಲರ್ಜಿ ಇರುವವರು ಇದಕ್ಕೂ ಮೊಣಕೈ ಪರೀಕ್ಷೆ ಮಾಡಲೇಬೇಕು, ಕಲಬೆರಕೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಬರೀ ಮದರಂಗಿ ಹಚ್ಚಿದರೆ ಬಿಳಿ ಕೂದಲು ಕಿತ್ತಳೆ ಕೆಂಪಾಗುತ್ತದೆ. ಕೆಲವರಿಗೆ ಅದೇ ಇಷ್ಟ, ಅಲ್ಲಿಗೇ ನಿಲ್ಲಿಸಬಹುದು. ಬರೀ ನೀಲಿ ಹಚ್ಚಿದರೆ ಬಿಳಿ ಕೂದಲಿನ ಮೇಲೆ ಹಸಿರು ನೀಲಿ ಛಾಯೆ ಬರುತ್ತದೆ, ಸರಿಯಾಗಿ ನಿಲ್ಲುವುದೂ ಇಲ್ಲ. ಎರಡೂ ಒಂದರ ಮೇಲೊಂದು ಕೂತಾಗ ಕಡು ಕಂದಿನಿಂದ ಕಪ್ಪು. ಹಾಗಾಗಿ ಕ್ರಮ ತಪ್ಪಬಾರದು.

ಹೆಗಲವರೆಗಿನ ಕೂದಲಿಗೆ ಮದರಂಗಿ ಸುಮಾರು 100 ಗ್ರಾಂ, ನೀಲಿಯೂ ಅಷ್ಟೇ. ಉದ್ದ ಜಡೆಗೆ ಎರಡರಷ್ಟು. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಬಿಡಿ, ಎಣ್ಣೆ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಮದರಂಗಿಯನ್ನು ಬೆಚ್ಚಗಿನ ನೀರಿನಲ್ಲೋ ತೆಳು ಟೀ ಡಿಕಾಕ್ಷನ್‌ನಲ್ಲೋ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಮುಚ್ಚಿಡಿ. ನಾಲ್ಕೈದು ಹನಿ ನಿಂಬೆರಸ ಹಾಕಬಹುದು, ನೆತ್ತಿ ಒಣಗುವವರಿಗೆ ಬೇಡ. ಬೇಸಿಗೆಯಲ್ಲಿ ನಾಲ್ಕೈದು ಗಂಟೆ, ಚಳಿಯಲ್ಲಿ ರಾತ್ರಿಯಿಡೀ. ಮೇಲೆ ಕಂದು, ಒಳಗೆ ಹಸಿರು ಕಂಡರೆ, ಅಂಗೈಗೆ ಒಂದು ಚುಕ್ಕೆ ಇಟ್ಟು ಐದು ನಿಮಿಷದಲ್ಲಿ ಕಿತ್ತಳೆ ಗುರುತು ಬಿದ್ದರೆ ಹದ ಬಂತು. ಮೊಸರು, ಮೊಟ್ಟೆ, ಮೆಂತ್ಯ ಅಂತ ಎಲ್ಲ ಹಾಕುತ್ತಾರೆ. ನನಗೆ ಮೊಸರು ಹಾಕಿದಾಗ ಬಣ್ಣ ತೆಳುವಾಗಿ ಬಂತು, ಈಗ ಹಾಕುವುದಿಲ್ಲ. ಮೃದು ಬೇಕಿದ್ದರೆ ಬೇರೆ ದಿನ ಮೆಂತ್ಯ ರುಬ್ಬಿ ಹಚ್ಚಿಕೊಳ್ಳಿ.

ಕಬ್ಬಿಣದ ಬಾಣಲೆಯಲ್ಲಿ ನೆನೆಸುವುದು ನಮ್ಮಲ್ಲಿ ಹಳೆಯ ರೂಢಿ, ಟೀ ಮತ್ತು ನೆಲ್ಲಿಕಾಯಿ ಪುಡಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ, ಅದರಿಂದ ಬಣ್ಣ ಸ್ವಲ್ಪ ಗಾಢ ಆಗುತ್ತದೆ. ಮುಂದೆ ಯಾವತ್ತಾದರೂ ಪಾರ್ಲರ್ ಬಣ್ಣಕ್ಕೆ ಹೋಗುವ ಯೋಚನೆ ಇದ್ದರೆ ಗಾಜು ಅಥವಾ ಸ್ಟೀಲ್ ಪಾತ್ರೆ ಒಳ್ಳೆಯದು. ಕೂದಲಿನ ಮೇಲೆ ಲೋಹದ ಅಂಶ ಕೂತಿದ್ದರೆ ಡೈನ ಪೆರಾಕ್ಸೈಡ್ ತಾಗಿದಾಗ ಬಿಸಿಯಾಗಿ ಕೂದಲು ಹಾಳಾಗಬಹುದು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಗಂಟು ಕಟ್ಟಿ ಅದರ ಮೇಲೆ ಮೊದಲು ಹಚ್ಚಿ ನೋಡುವುದು ಸುರಕ್ಷಿತ.

ಹಚ್ಚುವಾಗ ಗ್ಲೌಸ್ ಹಾಕಿ, ಹಳೇ ನೈಟಿ ಉಡಿ, ಹಣೆಯ ಅಂಚಿಗೆ, ಕಿವಿಗೆ ಮಾತ್ರ ತೆಂಗಿನೆಣ್ಣೆ ಸವರಿ. ಬಿಳಿ ಜಾಸ್ತಿ ಇರುವ ಕಡೆಯಿಂದ ಶುರು ಮಾಡಿ, ಬುಡಕ್ಕೆ ದಪ್ಪಗೆ ಹಾಕಿ. ಎರಡು ಮೂರು ಗಂಟೆ ಬಿಡಿ, ಪ್ಲಾಸ್ಟಿಕ್ ಕವರ್ ಕಟ್ಟಿದರೆ ಒಣಗುವುದಿಲ್ಲ. ಬೇಗ ನೆಗಡಿ ಆಗುವವರು ಬಿಸಿಲಿರುವ ದಿನ ಹತ್ತು ಗಂಟೆಗೇ ಹಚ್ಚಿ, ಸಂಜೆ ಒದ್ದೆ ತಲೆಯಲ್ಲಿ ಕೂರಬೇಡಿ. ಬರೀ ನೀರಿನಲ್ಲಿ ತೊಳೆಯಿರಿ.

ನೀಲಿಯ ವಿಷಯದಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ, ಮದರಂಗಿ ಥರ ಅದನ್ನೂ ರಾತ್ರಿ ನೆನೆಸಿಡುತ್ತಾರೆ. ನೀಲಿಗೆ ಕಾಯುವ ಶಕ್ತಿ ಇಲ್ಲ. ಬೆಚ್ಚಗಿನ ಬರೀ ನೀರಿನಲ್ಲಿ, ನಿಂಬೆ ಗಿಂಬೆ ಏನೂ ಇಲ್ಲದೆ, ಒಂದು ಚಿಟಿಕೆ ಉಪ್ಪು ಹಾಕಿದರೆ ಹಾಕಿ, ಕಲಸಿ 10ರಿಂದ 15 ನಿಮಿಷ ಬಿಡಿ. ಮೇಲೆ ನೀಲಿ ಕಪ್ಪು ಪೊರೆ ಕಾಣುತ್ತಲೇ ಒದ್ದೆ ಕೂದಲಿಗೆ ಬೇಗ ಬೇಗ ಹಚ್ಚಿಬಿಡಿ. ಒಂದು ಗಂಟೆ ಬಿಟ್ಟರೆ ಕಂದು, ಎರಡು ಗಂಟೆ ಬಿಟ್ಟರೆ ಕಪ್ಪಿನ ಹತ್ತಿರ. ತೊಳೆದ ತಕ್ಷಣ ಹಸಿರು ಹಸಿರಾಗಿ ಕಂಡರೆ ಗಾಬರಿ ಬೇಡ, ಗಾಳಿ ತಾಗಿ ಒಂದೆರಡು ದಿನದಲ್ಲಿ ಬಣ್ಣ ಕೂರುತ್ತದೆ. ಆ ಎರಡು ದಿನ ಶಾಂಪೂ, ಸೀಗೆಕಾಯಿ ಮುಟ್ಟಬೇಡಿ. ಸಮಾರಂಭ ಇದ್ದರೆ ಮೂರು ದಿನ ಮುಂಚೆ ಹಚ್ಚಿ. ಅಷ್ಟು ಹೊತ್ತು ಇಲ್ಲದವರು ನೆನೆದ ಮದರಂಗಿಗೆ ಆಗಷ್ಟೇ ಕಲಸಿದ ನೀಲಿ ಸೇರಿಸಿ ಒಂದೇ ಸಲ ಹಚ್ಚಬಹುದು, ಆಗ ಕಂದು ಬರುತ್ತದೆ.

ಇದರಲ್ಲಿ ಒಂದು ತೊಡಕಿದೆ. ಮದರಂಗಿ, ನೀಲಿ ಕೂದಲಿನ ಒಳಗೆ ಗಟ್ಟಿಯಾಗಿ ಕೂರುತ್ತವೆ, ತೆಗೆಯುವುದು ಬಹಳ ಕಷ್ಟ. ಬ್ಲೀಚ್ ಮಾಡಿಸಿದರೆ ಹಸಿರಾಗಬಹುದು. ಮುಂದಿನ ವರ್ಷ ತಿಳಿ ಬಣ್ಣದ ಹೈಲೈಟ್ ಮಾಡಿಸಬೇಕು ಅಂತ ಆಸೆ ಇರುವವರು ಈ ದಾರಿಗೆ ಬರಬೇಡಿ.

ಪೆಟ್ಟಿಗೆಯ ಬಣ್ಣ ಹಚ್ಚುವವರಿಗೆ

ನಮ್ಮ ಮನೆಯವರಿಗೆ ಪಿಪಿಡಿ ಒಗ್ಗುತ್ತದೆ, ಅವರು ಟ್ಯೂಬಿನ ಕ್ರೀಮ್ ಬಣ್ಣ ಹಚ್ಚುತ್ತಾರೆ, ನಾನೇ ಹಚ್ಚಿಕೊಡುತ್ತೇನೆ, ಗ್ಲೌಸ್ ಹಾಕಿ.

ಬಣ್ಣದ ನಂಬರ್ ಚಿಕ್ಕದಾದಷ್ಟು ಕಪ್ಪು. 1 ಅಂದರೆ ಪೂರ್ತಿ ಕಪ್ಪು, 3 ಕಡು ಕಂದು, 4 ಕಂದು. ನಮ್ಮದು ಕಪ್ಪು ಕೂದಲಲ್ವಾ ಅಂತ ಎಲ್ಲರೂ 1 ತೆಗೆದುಕೊಳ್ಳುತ್ತಾರೆ. 3ರಿಂದ ಶುರು ಮಾಡಿ. ನಲವತ್ತು ದಾಟಿದ ಮುಖಕ್ಕೆ ಇದ್ದಿಲಿನ ಕಪ್ಪು ಗಡುಸಾಗಿ ಕಾಣುತ್ತದೆ, ಬುಡದಲ್ಲಿ ಬಿಳಿ ಬಂದಾಗ ಗೆರೆ ಎದ್ದು ಕಾಣುತ್ತದೆ. ತಿಳಿಯಿಂದ ಗಾಢಕ್ಕೆ ಯಾವಾಗ ಬೇಕಾದರೂ ಹೋಗಬಹುದು, ಕಪ್ಪಿನಿಂದ ವಾಪಸ್ ಬರುವುದು ಪಾರ್ಲರಿನವರಿಗೂ ಕಷ್ಟ. ಬಿಳಿ ಮುಚ್ಚಲು ಡೆವಲಪರ್ (ಬಣ್ಣದ ಜೊತೆ ಬೆರೆಸುವ ಪೆರಾಕ್ಸೈಡ್ ದ್ರವ) 20 ವಾಲ್ಯೂಮ್, ಅಂದರೆ 6 ಪರ್ಸೆಂಟ್ ಪೆರಾಕ್ಸೈಡ್, ಸಾಕು. ಪೆಟ್ಟಿಗೆಯಲ್ಲೇ ಬಂದದ್ದನ್ನು ಬಳಸಿ, ಒಂದು ಕಂಪನಿಯ ಬಣ್ಣಕ್ಕೆ ಇನ್ನೊಂದರ ಡೆವಲಪರ್ ಬೆರೆಸಬೇಡಿ.

ಹಚ್ಚುವ ದಿನ ತಲೆ ತೊಳೆಯಬೇಡಿ, ನೆತ್ತಿಯ ಸಹಜ ಜಿಡ್ಡು ಉರಿಯಿಂದ ಕಾಪಾಡುತ್ತದೆ. ಗೀರು, ಗಾಯ, ಹೊಟ್ಟಿನ ಹುಣ್ಣು ಇದ್ದರೆ ಮುಂದಕ್ಕೆ ಹಾಕಿ. ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ, ಕಿಟಕಿ ತೆರೆದಿಡಿ. ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ, ತೆಳು ತೆಳು ಬೈತಲೆ ತೆಗೆದು ಬ್ರಷ್‌ನಿಂದ ಬುಡಕ್ಕೆ ಹಚ್ಚಿ. ಪ್ಯಾಕೆಟ್‌ನಲ್ಲಿ ಹೇಳಿದಷ್ಟೇ ಹೊತ್ತು, ಇನ್ನೂ ಸ್ವಲ್ಪ ಇರಲಿ ಅನ್ನುವುದು ಬೇಡ. ಎರಡನೇ ಸಲದಿಂದ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ, ಕೊನೆಯ ಐದು ನಿಮಿಷ ಒದ್ದೆ ಕೈಯಲ್ಲಿ ತುದಿಯವರೆಗೆ ಎಳೆದರೆ ಸಾಕು. ಪ್ರತಿ ಸಲ ತುದಿಯವರೆಗೆ ಪೂರ್ತಿ ಹಚ್ಚಿದರೆ ತುದಿ ಕಾಡಿಗೆ ಕಪ್ಪಾಗಿ ಪೊರಕೆ ಕಡ್ಡಿಯ ಥರ ಒಣಗುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಲಸಿ ಮಿಕ್ಕದ್ದನ್ನು ಮುಚ್ಚಿ ಎತ್ತಿಡಬೇಡಿ, ಒಳಗೆ ಗಾಳಿ ತುಂಬಿ ಡಬ್ಬಿ ಒಡೆಯಬಹುದು. ಆಮೇಲೆ ಎರಡು ದಿನ ಶಾಂಪೂ ಬೇಡ. ಕುದಿಯುವ ನೀರಿನ ತಲೆಸ್ನಾನ ಬಣ್ಣವನ್ನು ಬೇಗ ಇಳಿಸುತ್ತದೆ, ಬೆಚ್ಚಗಿನ ನೀರು ಸಾಕು.

ಗಂಡಸರಿಗೆ ಎರಡು ಮಾತು. ಮೀಸೆ, ಗಡ್ಡದ ಕೆಳಗಿನ ಚರ್ಮ ನೆತ್ತಿಗಿಂತ ಸೂಕ್ಷ್ಮ, ಮೂಗು ಬಾಯಿ ಪಕ್ಕದಲ್ಲೇ ಇದೆ. ಗಡ್ಡಕ್ಕೆ ಅಂತಲೇ ಬರುವ ಬಣ್ಣ ತೆಗೆದುಕೊಳ್ಳಿ, ಅದಕ್ಕೂ ಪರೀಕ್ಷೆ ಮಾಡಿ, ಹೇಳಿದ ನಿಮಿಷಕ್ಕೆ ಒರೆಸಿ ತೊಳೆಯಿರಿ. ಶೇವ್ ಮಾಡಿದ ದಿನ ಬೇಡ. ತಲೆ ಬೂದು ಬಿಟ್ಟು ಮೀಸೆ ಮಾತ್ರ ಕಡು ಕಪ್ಪು ಮಾಡಿದರೆ ಮುಖದಲ್ಲಿ ಮೀಸೆಯೊಂದೇ ಕಾಣುತ್ತದೆ, ಕಂದು ತೆಗೆದುಕೊಳ್ಳಿ. ಕಟಿಂಗ್ ಶಾಪಿನಲ್ಲಿ ಹಚ್ಚಿಸುವವರು ಯಾವ ಪ್ಯಾಕೆಟ್ ಅಂತ ಕೇಳಿ, ನಿಮಗೆ ಒಗ್ಗಿದ್ದನ್ನು ನೀವೇ ಒಯ್ದರೆ ಇನ್ನೂ ಒಳ್ಳೆಯದು. ಹುಬ್ಬಿಗೆ, ರೆಪ್ಪೆಗೆ ಯಾರೂ, ಎಂದೂ ಹಚ್ಚಬಾರದು. ಕಣ್ಣು ಹೋಗಬಹುದು ಅಂತ ಪ್ಯಾಕೆಟ್ ಮೇಲೇ ಬರೆದಿರುತ್ತದೆ.

ನಿಲ್ಲಿಸಬೇಕು ಅನ್ನಿಸಿದಾಗ

ಒಂದು ದಿನ ಸಾಕು ಅನ್ನಿಸುತ್ತದೆ. ಆಗ ಮೊದಲ ಆರು ತಿಂಗಳು ಕಷ್ಟ, ಅರ್ಧ ಬಿಳಿ ಅರ್ಧ ಕಪ್ಪು. ಹೆಗಲವರೆಗಿನ ಕೂದಲು ಪೂರ್ತಿ ಹೊಸದಾಗಲು ಎರಡು ವರ್ಷ ಹಿಡಿಯುತ್ತದೆ. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡರೆ ಆ ಕಾಲ ಕಡಿಮೆಯಾಗುತ್ತದೆ. ಕತ್ತರಿಸಲು ಮನಸ್ಸಿಲ್ಲದವರು ಮೊದಲು ಕಪ್ಪಿನಿಂದ ಕಂದಿಗೆ ಬನ್ನಿ, ಆಮೇಲೆ ಹಚ್ಚುವ ಅಂತರ ಆರು ವಾರ, ಎಂಟು ವಾರ ಅಂತ ಹಿಗ್ಗಿಸಿ, ಬೈತಲೆಯನ್ನು ನೇರ ತೆಗೆಯದೆ ಓರೆಯಾಗಿ ತೆಗೆದರೆ ಗೆರೆ ಅಷ್ಟು ಕಾಣುವುದಿಲ್ಲ.

ನಮ್ಮ ಚಿಕ್ಕಮ್ಮ ಹದಿನೆಂಟು ವರ್ಷ ಡೈ ಹಚ್ಚಿದವರು. ಹೋದ ವರ್ಷ ಹರಕೆ ಇತ್ತು ಅಂತ ತಿರುಪತಿಯಲ್ಲಿ ಮುಡಿ ಕೊಟ್ಟರು, ಬಂದ ಮೇಲೆ ಡೈ ಮುಟ್ಟಲೇ ಇಲ್ಲ. ಮುಡಿ ಕೊಡುವವರಿದ್ದರೆ ಬಣ್ಣ ಬಿಡಲು ಅದಕ್ಕಿಂತ ಸುಲಭದ ಹೊತ್ತು ಇಲ್ಲ. ಎರಡು ಬಣ್ಣದ ಕಾಲವೇ ಬರುವುದಿಲ್ಲ, ಏನು ಬಂತೋ ಅದೇ ನಿಮ್ಮ ಬಣ್ಣ. ಅವರಿಗೆ ಈಗ ಎರಡು ಬೆರಳುದ್ದ ಬೆಳ್ಳಿ ಕೂದಲು ಬಂದಿದೆ, ಮೂರು ನಾಲ್ಕು ಕಪ್ಪೆಳೆ ಹಿಂದೆ ಉಳಿದಿವೆ. ಬಿಳಿ ಕೂದಲು ಒರಟು ಅನ್ನಿಸುತ್ತದೆ, ವಾರಕ್ಕೊಮ್ಮೆ ಎಣ್ಣೆ ಬೇಕೇ ಬೇಕು. ಹಳದಿ ತಿರುಗಿದರೆ ನೇರಳೆ ಬಣ್ಣದ ಶಾಂಪೂ ಬರುತ್ತದೆ, ಹದಿನೈದು ದಿನಕ್ಕೊಮ್ಮೆ ಹಾಕಿದರೆ ಸಾಕು, ಜಾಸ್ತಿ ಹಾಕಿದರೆ ಕೂದಲಿಗೇ ನೇರಳೆ ಹತ್ತುತ್ತದೆ. ಬಿಟ್ಟ ಮೇಲೆ ಮತ್ತೆ ಹಚ್ಚಬೇಕು ಅನ್ನಿಸಿದರೆ ಹಚ್ಚಿ, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಆದರೆ ಎಷ್ಟೇ ವರ್ಷ ಹಚ್ಚಿ ಅಭ್ಯಾಸ ಇದ್ದರೂ ಮೊಣಕೈ ಒಳಮಗ್ಗುಲಿಗೆ ಒಂದು ಚುಕ್ಕೆ ಇಟ್ಟು, ಎರಡು ದಿನ ಕಾದು, ಆಮೇಲೆ.